ಮೋರಿ ಇಲ್ಲದ ಊರಲ್ಲಿ ಕೀಲಿ ಅಕ್ಕ

ಪರದೇಶಕ್ಕೆ ಓದಲು ಹೋದವರು ಮನೆಗೆ ಕಳಿಸುವ ಫೋಟೋದಲ್ಲಿ ಹಿಂದೆ ಒಂದು ದೊಡ್ಡ ಕಟ್ಟಡ ಇರುತ್ತದೆ, ಮುಂದೆ ಒಂದು ಹೊಸ ಜಾಕೆಟ್ ಇರುತ್ತದೆ. ನಾನೂ ಅಂಥದ್ದೊಂದು ಕಳಿಸಿದ್ದೆ. ಜಾಕೆಟ್ಟಿನ ಒಳಜೇಬಿನಲ್ಲಿ ಮಡಚಿಟ್ಟಿದ್ದ ಹನ್ನೆರಡು ಬಯೋಡೇಟಾ ಮಾತ್ರ ಫೋಟೋದಲ್ಲಿ ಕಾಣಿಸಲಿಲ್ಲ.

ಒಂದೊಂದೂ ಮೂರು ಪುಟದ್ದು. ಮೊದಲ ಪುಟದ ಮೂಲೆಯಲ್ಲಿ ನನ್ನ ಮುಖ, ಅದರ ಕೆಳಗೆ ತಂದೆಯ ಹೆಸರು, ಎತ್ತರ, ತೂಕ, ಅವಿವಾಹಿತ ಎಂಬ ಘೋಷಣೆ. ಎರಡನೆಯದರಲ್ಲಿ ಹೈಸ್ಕೂಲಿನ ಪ್ರಬಂಧ ಸ್ಪರ್ಧೆಯಲ್ಲಿ ಬಂದ ಸಮಾಧಾನಕರ ಬಹುಮಾನ. ಕೊನೆಯ ಪುಟದಲ್ಲಿ, 'ಮೇಲ್ಕಂಡ ವಿವರಗಳು ನನಗೆ ತಿಳಿದಮಟ್ಟಿಗೆ ಸತ್ಯವಾಗಿವೆ' ಎಂದು ಪ್ರಮಾಣ ಮಾಡಿ ಸಹಿ ಹಾಕಿದ್ದೆ. ಕೆಲಸ ಕೇಳಿಕೊಂಡು ಹೋದಾಗ ಬ್ರೆಡ್ ಅಂಗಡಿಯ ಯಜಮಾನಿ ಪಾಪ ಮೂರೂ ಪುಟ ಓದಿದಳು. ಆಮೇಲೆ ಕನ್ನಡಕ ತೆಗೆದು ಕೇಳಿದಳು, "ಮದುವೆ ಆಗಿಲ್ಲ ಅಂತ ಬರೆದಿದ್ದೀಯ. ಬ್ರೆಡ್ ಕತ್ತರಿಸೋಕೆ ಅದು ಯಾಕಪ್ಪ ಬೇಕು?" ಆ ಊರಿನ ಮಾತನ್ನು ನಮ್ಮ ಮಾತಿಗೆ ಇಳಿಸಿ ಬರೆಯುತ್ತಿದ್ದೇನೆ. ಆದರೆ ಅವಮಾನಕ್ಕೆ ಅನುವಾದ ಬೇಕಾಗಿರಲಿಲ್ಲ.

ಅಪ್ಪ ಫೀಸು ಕಟ್ಟಿ ಕಳಿಸಿದ್ದರು. ಊಟ, ಬಾಡಿಗೆ ನಾನೇ ನೋಡಿಕೊಳ್ಳುತ್ತೇನೆ ಎಂದು ವಿಮಾನ ಹತ್ತುವ ಮೊದಲು ನೆಂಟರಿಷ್ಟರ ಮುಂದೆಲ್ಲ ಬಡಾಯಿ ಕೊಚ್ಚಿದ್ದೆ. ವಿದ್ಯಾರ್ಥಿಗಳು ವಾರಕ್ಕೆ ಇಷ್ಟೇ ಗಂಟೆ ದುಡಿಯಬಹುದು ಎಂದು ಆ ದೇಶದಲ್ಲಿ ಕಾನೂನಿತ್ತು. ನನ್ನ ಮಟ್ಟಿಗೆ ಆ ಕಾನೂನು ಬಹಳ ಉದಾರವಾಗಿತ್ತು. ಎರಡು ತಿಂಗಳಾದರೂ ಒಂದು ಗಂಟೆಯನ್ನೂ ಖರ್ಚು ಮಾಡಲಾಗಿರಲಿಲ್ಲ. ಹೋದಲ್ಲೆಲ್ಲ ಒಂದೇ ಪ್ರಶ್ನೆ: ಇಲ್ಲಿ ಎಲ್ಲಾದರೂ ಕೆಲಸ ಮಾಡಿದ ಅನುಭವ ಇದೆಯಾ? ಕೆಲಸ ಕೊಟ್ಟರೆ ಅನುಭವ ಬರುತ್ತದೆ, ಅನುಭವ ಇದ್ದರೆ ಕೆಲಸ ಕೊಡುತ್ತಾರೆ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಬಹುಶಃ ಅವಳೂ ಎಲ್ಲೋ ಪಾರ್ಟ್‌ಟೈಮ್ ಕೆಲಸ ಹುಡುಕಿರಬೇಕು.

ನಮ್ಮ ರೂಮಿನಲ್ಲಿ ಎರಡಂತಸ್ತಿನ ಮಂಚವಿತ್ತು. ಕೆಳಗೆ ನಾನು, ಮೇಲೆ ನನಗಿಂತ ಒಂದು ವರ್ಷ ಮೊದಲು ಬಂದವನೊಬ್ಬ. ಒಂದು ಸಂಜೆ ಅವನು ಮೇಲಿನಿಂದ ತಲೆ ಇಳಿಬಿಟ್ಟು ಹೇಳಿದ, "ಕೀಲಿ ಅಕ್ಕನ ಹತ್ರ ಒಂದು ಜಾಗ ಖಾಲಿಯಿದೆ. ಬೆಳಿಗ್ಗೆ ಆರಕ್ಕೆ ಹೋಗು. ಆ ಬಯೋಡೇಟಾ ಮಾತ್ರ ತಗೊಂಡು ಹೋಗ್ಬೇಡ ಮಾರಾಯ, ನಂಗೂ ಮರ್ಯಾದೆ ಇದೆ."

ಆ ಕಟ್ಟಡ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಹಳೆಯದು, ಮೂರಂತಸ್ತು, ಮರದ ನೆಲ. ಕೆಳಗೆ ಕನ್ನಡಕದ ಅಂಗಡಿ ಮತ್ತು ಹೂವಿನ ಅಂಗಡಿ. ಅದರ ಮೇಲೆ ಡ್ಯಾನ್ಸ್ ಸ್ಕೂಲು ಮತ್ತು ಹಲ್ಲಿನ ಡಾಕ್ಟರು. ಎಲ್ಲಕ್ಕಿಂತ ಮೇಲೆ ಒಬ್ಬ ವಕೀಲರು ಮತ್ತು ಮನೆಗಳ ನಕ್ಷೆ ಬರೆಯುವವರು. ಈ ಆರೂ ಕಡೆ ಗುಡಿಸಿ ಒರೆಸುವ ಗುತ್ತಿಗೆ ಅಕ್ಕನದು. ಕೈಜೋಡಿಸಲು ನನ್ನಂಥ ಮೂರು ವಿದ್ಯಾರ್ಥಿಗಳಿದ್ದರು, ಖಾಲಿಯಿದ್ದದ್ದು ನಾಲ್ಕನೆಯ ಜಾಗ. ನಾನು ಹೋದಾಗ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. ಗಿಡ್ಡ ಆಳು, ದಪ್ಪ ಕನ್ನಡಕ, ಮೊಣಕೈ ತನಕ ಮಡಚಿದ ಸ್ವೆಟರ್. ಸೊಂಟದಲ್ಲಿ ಒಂದು ಬಳೆಯಷ್ಟು ಅಗಲದ ಉಂಗುರ, ಅದರಲ್ಲಿ ಆರು ಕೀಲಿ. ಐದಕ್ಕೆ ಒಂದೊಂದು ಬಣ್ಣದ ದಾರ ಸುತ್ತಿತ್ತು. ಆರನೆಯದು ಬರಿಮೈಯಲ್ಲಿತ್ತು. ಅದು ಕನ್ನಡಕದ ಅಂಗಡಿಯದು, ಮೊಟ್ಟಮೊದಲು ಸಿಕ್ಕಿದ್ದು. ಅದು ಬಂದಾಗ ಬೇರೆ ಕೀಲಿಯೇ ಇರಲಿಲ್ಲವಾದ್ದರಿಂದ ಗುರುತು ಬೇಕಾಗಿರಲಿಲ್ಲ.

ಹೆಸರು ಕೇಳಲಿಲ್ಲ. "ಪರೀಕ್ಷೆ ಯಾವಾಗ?" ಎಂದರು.

ಹೇಳಿದೆ.

"ಆ ಎರಡು ವಾರ ನೀನು ಬರೋ ಹಾಗಿಲ್ಲ. ನಿನ್ನ ಪಾಲಿನದ್ದು ನಾನು ಮಾಡ್ಕೋತೀನಿ. ಬಾಕಿ ದಿನ ಗಂಟೆ ಮೀರಿ ಒಂದು ನಿಮಿಷನೂ ಮಾಡೋ ಹಾಗಿಲ್ಲ. ಮೀರಿದ್ರೆ ನಿನ್ನ ವೀಸಾ, ನನ್ನ ಕೀಲಿ, ಎರಡೂ ಹೋಗುತ್ತೆ. ಮನೇಲಿ ತಿಂದ ತಟ್ಟೆ ಎತ್ತಿದೀಯಾ ಯಾವತ್ತಾದ್ರೂ?"

"ಅಮ್ಮನಿಗೆ ಹುಷಾರಿಲ್ಲದಾಗ ಎತ್ತಿದೀನಿ ಅಕ್ಕ."

"ಎಷ್ಟು ಸಲ ಹುಷಾರು ತಪ್ಪಿದ್ರು?"

"ಒಂದ್ಸಲ."

"ಪುಣ್ಯವಂತೆ. ಗಟ್ಟಿ ಜೀವ. ಬಾ ಒಳಗೆ."

ಡ್ಯಾನ್ಸ್ ಸ್ಕೂಲಿನ ಗೋಡೆಗೆ ಆ ತುದಿಯಿಂದ ಈ ತುದಿಯವರೆಗೆ ಕನ್ನಡಿ. ಒಂದು ಬಟ್ಟೆ ಕೈಗೆ ಕೊಟ್ಟು ಒರೆಸು ಅಂದರು. ಹತ್ತು ನಿಮಿಷ ಬೆವರು ಸುರಿಸಿ ಒರೆಸಿದೆ. ಒರೆಸುವ ಮೊದಲು ಕನ್ನಡಿಯಲ್ಲಿ ಒಬ್ಬ ದಡ್ಡ ಕಾಣುತ್ತಿದ್ದ. ಒರೆಸಿದ ಮೇಲೆ ಅದೇ ದಡ್ಡ, ಮೈತುಂಬಾ ಗೀರುಗೀರಾಗಿ ಕಂಡ. ಅಕ್ಕ ನಗಲಿಲ್ಲ. ಬಟ್ಟೆಯನ್ನು ನಾಲ್ಕಾಗಿ, ಮತ್ತೆ ಎಂಟಾಗಿ ಮಡಚಿ, ಮೇಲಿನಿಂದ ಕೆಳಗೆ ಎಳೆದು, ಪ್ರತಿ ಎಳೆತಕ್ಕೂ ಮಗ್ಗುಲು ಬದಲಿಸಿ ತೋರಿಸಿದರು. "ಕೊಳೆ ತೆಗೀಬೇಕು, ಅದರ ಊರು ಬದಲಿಸೋದಲ್ಲ" ಎಂದರು.

ಅವರು ಹದಿಮೂರು ವರ್ಷದ ಹಿಂದೆ ನನ್ನ ಹಾಗೇ ಓದಲು ಬಂದವರು. ವಿಷಯ ರಸಾಯನಶಾಸ್ತ್ರ. ಅಪ್ಪನಿಗೆ ಸೈಕಲ್ ರಿಪೇರಿ ಅಂಗಡಿ, ಅಮ್ಮ ರವಿಕೆ ಹೊಲಿಯುವವರು. ಬಂದ ತಿಂಗಳಲ್ಲೇ ಕನ್ನಡಕದ ಕಾಲು ಮುರಿದು ಕೆಳಗಿನ ಅಂಗಡಿಗೆ ಹೋದರಂತೆ. ಅಂಗಡಿಯವರು ಆಗಲೇ ಅರವತ್ತು ದಾಟಿದ್ದವರು, ನಾವೆಲ್ಲ ಕನ್ನಡಕದ ಅಜ್ಜ ಎನ್ನುತ್ತಿದ್ದೆವು. ಅವರು ಸ್ಕ್ರೂ ಹುಡುಕುತ್ತಿದ್ದಾಗ ಅಕ್ಕ ಬರಿಗಣ್ಣಲ್ಲಿ ಸುತ್ತ ನೋಡಿ, "ಕನ್ನಡಕ ಇಲ್ಲದೇನೇ ನನಗೆ ಧೂಳು ಕಾಣ್ತಾ ಇದೆ. ಕನ್ನಡಕ ಕೊಳ್ಳೋಕೆ ಬಂದವರಿಗೆ ಕಾಣಲ್ವಾ?" ಎಂದುಬಿಟ್ಟರು. ಅಜ್ಜನಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಒಂದು ಬಟ್ಟೆ ಎಸೆದು, ಅಷ್ಟು ಕಾಣೋದಾದರೆ ಒರೆಸು ನೋಡೋಣ ಅಂದರು. ಅಕ್ಕ ಎರಡು ಶೋಕೇಸು ಒರೆಸಿದರು, ಅಜ್ಜ ಕನ್ನಡಕ ಪುಕ್ಕಟೆ ರಿಪೇರಿ ಮಾಡಿಕೊಟ್ಟರು. ಮರುವಾರ ಅವರೇ ಕರೆಸಿದರು. ಮೂರು ತಿಂಗಳಿಗೆ ಬಾಗಿಲ ಕೀಲಿಯನ್ನೇ ಕೊಟ್ಟರು. ಈ ಕಥೆ ಕೇಳಿದ ದಿನ ನಾನು ನನ್ನ ಹನ್ನೆರಡು ಬಯೋಡೇಟಾವನ್ನೂ ಕಿಟಕಿ ಗಾಜು ಒರೆಸಲು ಬಳಸಿದೆ. ಒಳ್ಳೆಯ ಕಾಗದ, ಗೀರು ಬೀಳಲಿಲ್ಲ.

ಓದು ಮುಗಿಸಿ ಅಕ್ಕ ಬಿಳಿ ಕೋಟಿನ ಕೆಲಸಕ್ಕೂ ಸೇರಿದ್ದರು. ಹಾಲು ಪರೀಕ್ಷೆ ಮಾಡುವ ಲ್ಯಾಬು. ಮೂರೇ ತಿಂಗಳಿಗೆ ಬಿಟ್ಟರು. ಯಾಕಕ್ಕ ಅಂದರೆ, "ಅಲ್ಲಿ ನನ್ನ ಹಿಂದೆ ಒಬ್ಬ ಬಾಸು, ಅವನ ಹಿಂದೆ ಇನ್ನೊಬ್ಬ ಬಾಸು. ಇಲ್ಲಿ ನನ್ನ ಹಿಂದೆ ಬರೋದು ಬಕೆಟ್ ಒಂದೇ" ಅನ್ನುವರು. ಓದಿದ್ದು ವ್ಯರ್ಥವಾಯಿತು ಎಂದು ಯಾರಾದರೂ ಮರುಗಿದರೆ ಅವರನ್ನು ಕಲೆ ತೆಗೆಯುವ ಶೀಷೆಗಳ ಕಪಾಟಿನ ಮುಂದೆ ನಿಲ್ಲಿಸಿ, ಯಾವುದಕ್ಕೆ ಯಾವುದು ಬೆರೆಸಿದರೆ ಉಸಿರು ಕಟ್ಟಿ ಸಾಯುತ್ತೀರಿ ಎಂದು ಪಾಠ ಮಾಡುವರು. ಮರುಕ ಅಲ್ಲಿಗೆ ಮುಗಿಯುತ್ತಿತ್ತು. ಊರಲ್ಲಿದ್ದ ಅಮ್ಮ ಫೋನಿನಲ್ಲಿ, "ಮಗಳು ಯಾವ ಆಫೀಸಲ್ಲಿದಾಳೆ ಅಂತ ಎಲ್ಲರೂ ಕೇಳ್ತಾರಲ್ಲೇ" ಅಂದಾಗ ಅಕ್ಕ ಕೊಟ್ಟ ಉತ್ತರವನ್ನು ನಾನೇ ಕಿವಿಯಾರೆ ಕೇಳಿದ್ದೇನೆ. "ಒಂದು ಆಫೀಸಲ್ಲ ಕಣಮ್ಮ, ಆರು. ನಾನು ಬೀಗ ತೆಗೆದ ಮೇಲೇನೇ ಎಲ್ಲರೂ ಒಳಗೆ ಬರೋದು."

ಅಕ್ಕನ ಗಂಡ ಸಿಟಿ ಬಸ್ಸಿನ ಡ್ರೈವರು. ನಮಗೆಲ್ಲ ಭಾವ. ಮನೆಗೆ ಹೋದರೆ ಹೊಟ್ಟೆ ತುಂಬಾ ಬಡಿಸಿ, "ಇವಳ ಹತ್ರ ಕೆಲಸ ಕಲಿತ ಗಂಡಸರಿಗೆ ಮದುವೆ ಮಾರ್ಕೆಟ್ಟಲ್ಲಿ ಬಲು ಬೇಡಿಕೆ ಕಣ್ರೋ, ನನ್ನನ್ನೇ ನೋಡಿ" ಎಂದು ಪಾತ್ರೆ ತಿಕ್ಕುತ್ತಲೇ ತಮಾಷೆ ಮಾಡುವರು.

ಹೀಗೆ ಆರು ವಾರ ಕಳೆಯಿತು. ನನಗೆ ಕನ್ನಡಿ ಬಂತು, ಮಾಪ್ ಹಿಂಡುವುದು ಬಂತು, ವಕೀಲರ ಮೇಜಿನ ಮೇಲಿನ ಪೆನ್ನು ಎತ್ತಿ ಒರೆಸಿ ಅದೇ ಓರೆಯಲ್ಲಿ ವಾಪಸ್ ಇಡುವುದು ಬಂತು. ಇದರ ಜೊತೆಗೆ ಕೇಳದೆಯೇ ಬಂದದ್ದು ಕೊಬ್ಬು.

ಒಂದು ಶನಿವಾರ ಬೆಳಿಗ್ಗೆ ಅಕ್ಕನಿಗೆ ಮಗಳ ಶಾಲೆಯಲ್ಲಿ ಮೀಟಿಂಗ್ ಇತ್ತು. ಕೆಂಪು ದಾರದ ಕೀಲಿ ಬಿಚ್ಚಿ ನನ್ನ ಕೈಗಿಟ್ಟರು. "ಡ್ಯಾನ್ಸ್ ಸ್ಕೂಲು ಇವತ್ತು ನಿಂದು. ಮಾಮೂಲಿ ಕೆಲಸ. ಹನ್ನೊಂದಕ್ಕೆ ಮಕ್ಕಳು ಬರ್ತಾರೆ, ಅಷ್ಟರಲ್ಲಿ ಮುಗಿಸು" ಎಂದು ಹೋದರು. ಒಬ್ಬನೇ ಬೀಗ ತೆಗೆದದ್ದು ಅದೇ ಮೊದಲು. ಪರದೇಶದಲ್ಲಿ ನನ್ನನ್ನು ನಂಬಿ ಯಾರಾದರೂ ಏನನ್ನಾದರೂ ಕೊಟ್ಟದ್ದೂ ಅದೇ ಮೊದಲು. ಎದೆ ಉಬ್ಬಿತು. ಅಕ್ಕ ಬಂದು ನೋಡಿ ದಂಗಾಗಬೇಕು, ಅಂಥ ಕೆಲಸ ಮಾಡಬೇಕು ಅನ್ನಿಸಿತು.

ಅಲ್ಲಿನ ಪುಟ್ಟ ಅಡುಗೆ ಕೋಣೆಯ ನೆಲದಲ್ಲಿ ಯಾರೋ ಜ್ಯೂಸು ಚೆಲ್ಲಿ ಅಂಟಂಟಾಗಿತ್ತು. ಹಿಂಡಿದ ಮಾಪಿನಲ್ಲಿ ಒರೆಸುವುದು ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿಕೊಂಡು ಸ್ನಾನ ಆಯಿತು ಅಂದಹಾಗೆ. ನಮ್ಮಮ್ಮ ಅಡುಗೆಮನೆ ತೊಳೆಯುವುದನ್ನು ಇಪ್ಪತ್ತೆರಡು ವರ್ಷ ಸ್ಟೂಲಿನ ಮೇಲೆ ಕಾಲೆತ್ತಿಕೊಂಡು ಕೂತು ನೋಡಿದ್ದೆನಲ್ಲ. ಬಕೆಟ್‌ಗಟ್ಟಲೆ ನೀರು ಸುರಿದು, ಕಡ್ಡಿ ಪೊರಕೆಯಲ್ಲಿ ಝಾಡಿಸಿ ಮೋರಿಗೆ ತಳ್ಳುವುದು. ಸ್ವಚ್ಛ ಅಂದರೆ ಅದು! ಈ ಜನಕ್ಕೆ ಒಂದು ಸಲ ತೋರಿಸಿಯೇ ಬಿಡೋಣ ಎಂದು ದೊಡ್ಡ ಬಕೆಟ್ ತುಂಬಿಸಿ ಸುರಿದೆ. ಇನ್ನೊಂದು ಸುರಿದೆ. ಮೂರನೆಯದು ಖುಷಿಗೆ.

ಪೊರಕೆ ಹಿಡಿದು ನೀರು ತಳ್ಳತೊಡಗಿದೆ. ಈ ಮೂಲೆಗೆ ತಳ್ಳಿದೆ, ಅಲ್ಲಿ ಮೋರಿ ಇರಲಿಲ್ಲ. ಆ ಮೂಲೆಗೆ ತಳ್ಳಿದೆ, ಅಲ್ಲೂ ಇರಲಿಲ್ಲ. ನಾಲ್ಕೂ ಮೂಲೆ ಸುತ್ತಿ ಬಂದೆ, ನೀರು ನನ್ನ ಹಿಂದೆಯೇ ಬಂತು. ಆ ಊರಿನ ಮನೆಗಳ ನೆಲಕ್ಕೆ ಮೋರಿಯೇ ಇರುವುದಿಲ್ಲ, ಅಲ್ಲಿ ಯಾರೂ ನೆಲಕ್ಕೆ ನೀರು ಸುರಿಯುವುದಿಲ್ಲ ಎಂಬುದು ಮೂರೂವರೆ ತಿಂಗಳಿಂದ ಆ ಊರಲ್ಲೇ ಸ್ನಾನ ಮಾಡುತ್ತಿದ್ದ ನನ್ನ ತಲೆಗೆ ಹೊಳೆದಿರಲಿಲ್ಲ. ಅಷ್ಟರಲ್ಲಿ ನೋಡುತ್ತೇನೆ, ನೀರು ತಾನೇ ತಾನಾಗಿ ಕಡಿಮೆಯಾಗುತ್ತಿದೆ. ಗೋಡೆ ಬುಡದ ಮರದ ಪಟ್ಟಿಯ ಕೆಳಗೆ ಸದ್ದಿಲ್ಲದೆ ಇಂಗಿಹೋಗುತ್ತಿದೆ. ಆಹಾ, ಕಣ್ಣಿಗೆ ಕಾಣದ ಹಾಗೆ ಮೋರಿ ಮಾಡಿದ್ದಾರಲ್ಲ, ಮುಂದುವರಿದ ದೇಶ ಅಂದರೆ ಹೀಗಿರಬೇಕು ಎಂದು ಮನಸಾರೆ ಮೆಚ್ಚಿಕೊಂಡೆ.

ಐದು ನಿಮಿಷಕ್ಕೆ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಬಾಗಿಲಲ್ಲಿ ಕನ್ನಡಕದ ಅಜ್ಜ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಕೈಯ ಪೊರಕೆ ನೋಡಿದರು, ಪಕ್ಕದ ಬಕೆಟ್ ನೋಡಿದರು.

ಕೆಳಗೆ ಹೋಗಿ ನೋಡಿದರೆ ಅಂಗಡಿಯ ಒಳಕೋಣೆಯ ಸೀಲಿಂಗು ಒದ್ದೆ ಹಪ್ಪಳದ ಹಾಗೆ ಜೋತು ಬಿದ್ದಿತ್ತು. ಕಣ್ಣು ಪರೀಕ್ಷೆಗೆ ಜನರನ್ನು ಕೂರಿಸುವ ಚರ್ಮದ ಕುರ್ಚಿಯಲ್ಲಿ ನೀರು ಕೂತಿತ್ತು. ಗೋಡೆಯ ಮೇಲಿನ ಅಕ್ಷರಗಳ ಹಾಳೆ ನೆನೆದು, ಎಂಥ ಕಣ್ಣಿದ್ದವರಿಗೂ ಓದಲಾಗದಂತಾಗಿತ್ತು. ಪರೀಕ್ಷೆಯ ಯಂತ್ರ ಒಂದು ಗೇಣು ಆಚೆ ಇದ್ದದ್ದರಿಂದ ಉಳಿಯಿತು. ಅಜ್ಜ ಆ ಗೇಣನ್ನು ಅಳೆದು ಅಳೆದು ನೋಡುತ್ತಿದ್ದರು.

ನಾನು ಫೋನ್ ಮಾಡಿದ್ದೇ ಅಕ್ಕ ಮೀಟಿಂಗ್ ಬಿಟ್ಟು ಓಡಿಬಂದರು. ನನ್ನನ್ನು ನೋಡಲಿಲ್ಲ. ಸ್ವೆಟರ್ ತೋಳು ಏರಿಸಿ, ಕೆಲಸದ ಕಪಾಟಿನಲ್ಲಿದ್ದ ಟವೆಲ್ಲುಗಳನ್ನೆಲ್ಲ ನೆಲಕ್ಕೆ ಹಾಸಿ, ಮೊದಲು ಯಂತ್ರವನ್ನು ಅಜ್ಜನ ಜೊತೆ ಎತ್ತಿ ಹೊರಗಿಟ್ಟರು. ಅಷ್ಟರಲ್ಲಿ ಕಟ್ಟಡದ ಮೇನೇಜರು ಬಂದ. ಸೀಲಿಂಗ್ ನೋಡಿ, ತಲೆ ಕೆರೆದುಕೊಂಡು, "ಮೇಲಿನ ಪೈಪ್ ಒಡೆದಿರಬೇಕು. ಐವತ್ತು ವರ್ಷದ ಪೈಪು. ಬಿಡಿ, ಇನ್ಶೂರೆನ್ಸಿನವರು ನೋಡ್ಕೋತಾರೆ" ಎಂದ.

ದೇವರು ನೇರವಾಗಿ ಬರುವುದಿಲ್ಲ, ಮೇನೇಜರನ ರೂಪದಲ್ಲಿ ಬರುತ್ತಾನೆ ಎಂದು ನನಗೆ ಆ ಕ್ಷಣ ಖಾತ್ರಿಯಾಯಿತು. ಬಕೆಟ್ ಕಂಡಿದ್ದ ಅಜ್ಜ ಅಕ್ಕನ ಮುಖವನ್ನೇ ನೋಡುತ್ತಿದ್ದರು.

"ಪೈಪ್ ಅಲ್ಲ" ಎಂದರು ಅಕ್ಕ, ಟವೆಲ್ ಹಿಂಡುತ್ತಲೇ. "ನಮ್ಮ ಹುಡುಗ ಮೇಲೆ ನೀರು ಸುರಿದಿದಾನೆ. ನಮ್ಮ ಊರುಗಳಲ್ಲಿ ಹಾಗೇ ತೊಳೆಯೋದು, ನೆಲಕ್ಕೆ ಮೋರಿ ಇರುತ್ತೆ. ಇಲ್ಲಿ ಇರಲ್ಲ, ಸುರೀಬೇಡ ಅಂತ ನಾನು ಹೇಳಿಕೊಡಬೇಕಿತ್ತು. ಹೇಳಿರಲಿಲ್ಲ. ತಪ್ಪು ನಂದು."

ಮೇನೇಜರು ಒಳ್ಳೆಯವನೇ. ಆದರೆ ಅವನಿಗೂ ಮೇಲಿನವರಿದ್ದರು. ನಾಡಿದ್ದಲ್ಲ, ಅದರ ಮುಂದಿನ ಸೋಮವಾರ ಆರೂ ಬಾಡಿಗೆದಾರರ ಸಭೆ ಇದೆ, ಗುತ್ತಿಗೆ ಮುಂದುವರಿಸುವುದೋ ಬಿಡುವುದೋ ಅಲ್ಲಿ ತೀರ್ಮಾನ, ಅಲ್ಲಿಯತನಕ ಕೀಲಿ ತನ್ನ ಹತ್ತಿರ ಇರಲಿ ಎಂದ. ಅಕ್ಕ ಸೊಂಟದ ಉಂಗುರ ಬಿಚ್ಚಿ ಮೇಜಿನ ಮೇಲಿಟ್ಟರು. ನಾನು ಕೆಂಪು ದಾರದ್ದನ್ನು ಪಕ್ಕದಲ್ಲಿಟ್ಟೆ. ಆ ಕಟ್ಟಡ ಹೋದರೆ ಅಕ್ಕನಿಗೆ ಬೇರೆ ಕಟ್ಟಡ ಇರಲಿಲ್ಲ. ನನ್ನನ್ನೂ ಸೇರಿ ಅವರನ್ನು ನೆಚ್ಚಿಕೊಂಡ ನಾಲ್ಕು ವಿದ್ಯಾರ್ಥಿಗಳಿಗೆ ಬೇರೆ ಅಕ್ಕ ಇರಲಿಲ್ಲ.

ಬೀದಿಗೆ ಬಂದ ಮೇಲೆ ಕೇಳಿದೆ, "ಪೈಪು ಅಂತ ಅವರೇ ಹೇಳಿದ್ರಲ್ಲ ಅಕ್ಕ?"

"ಅಂದ್ರೆ ನಾಳೆ ಗೋಡೆ ಒಡೀತಾರೆ. ಒಡೆದು ನೋಡಿದ್ರೆ ಪೈಪು ನೆಟ್ಟಗಿರುತ್ತೆ. ಪಾಪ, ಐವತ್ತು ವರ್ಷ ಸೋರದೆ ಇದ್ದ ಪೈಪಿಗೆ ಯಾಕೆ ಕೆಟ್ಟ ಹೆಸರು?" ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಅವರೇ ಹೇಳಿದರು, "ಅವರು ಇಲ್ಲದಾಗ ಅವರ ಅಂಗಡಿ, ಆಫೀಸೊಳಗೆ ಓಡಾಡೋಳು ನಾನು. ಇದೊಂದು ಸುಳ್ಳು ಹೇಳಿದ್ರೆ ಕೀಲಿ ಹಿಡ್ಕೊಂಡು ಏನು ಮಾಡ್ಲಿ?"

ಆ ಸಂಜೆ ನಾನು ಒಂದು ರಾಜೀನಾಮೆ ಪತ್ರ ಬರೆದೆ. 'ಮಾನ್ಯರೇ' ಎಂದು ಶುರುವಾಗಿ 'ತಮ್ಮ ವಿಧೇಯ' ಎಂದು ಮುಗಿಯುವ, ಒಂದೂವರೆ ಪುಟದ, ಪಶ್ಚಾತ್ತಾಪದಲ್ಲಿ ನೆನೆದ ಪತ್ರ. ಅಕ್ಕ ಅಡುಗೆಮನೆಯಲ್ಲಿ ನಿಂತೇ ಓದಿ ಭಾವನ ಕೈಗೆ ಕೊಟ್ಟರು. ಭಾವ ಜೋರಾಗಿ ಓದಿದರು. ಮಗಳು ಬಿದ್ದು ಬಿದ್ದು ನಕ್ಕಳು.

"ಕೆಲಸ ಕಲಿತವರು ರಾಜೀನಾಮೆ ಕೊಡಬೇಕಪ್ಪ" ಎಂದರು ಅಕ್ಕ. "ನೀನು ಇನ್ನೂ ಕಲಿತಿಲ್ಲ. ಸೋಮವಾರ ಎಂಟೂವರೆಗೆ ಬಾ."

"ಕೀಲಿ ಇಲ್ವಲ್ಲ ಅಕ್ಕ?"

"ಕೀಲಿ ತಾನೇ ಇಲ್ದಿರೋದು? ಗುತ್ತಿಗೆ ಇನ್ನೂ ಇದೆ. ಬೆಲ್ ಹೊಡೆಯೋಣ."

ಹದಿಮೂರು ವರ್ಷ ಅಕ್ಕ ಆ ಕಟ್ಟಡದಲ್ಲಿ ಕೆಲಸ ಮಾಡಿದ್ದು ಯಾರೂ ಬರುವ ಮೊದಲು. ಈಗ ಎಲ್ಲರೂ ಬಂದ ಮೇಲೆ, ಒಂದೊಂದೇ ಬಾಗಿಲಿಗೆ ಹೋಗಿ, ಬೆಲ್ ಒತ್ತಿ, "ಒಳಗೆ ಬರಬಹುದಾ?" ಎಂದು ಕೇಳಬೇಕಾಯಿತು. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸುತ್ತಿತ್ತು. ಅಕ್ಕನಿಗೆ ಹಾಗೇನೂ ಇರಲಿಲ್ಲ. ಹಲ್ಲಿನ ಡಾಕ್ಟರು ಬಾಗಿಲು ತೆಗೆದು, "ಯಾರು ಬೇಕಿತ್ತು?" ಎಂದರು. ಏಳು ವರ್ಷದಿಂದ ಅವರ ಕಸ ಎತ್ತಿದವರ ಮುಖ ಅವರು ನೋಡಿಯೇ ಇರಲಿಲ್ಲ. ಅಕ್ಕ ಹೇಳಿದ ಮೇಲೆ ಪಾಪ ಅವರೇ ನಾಚಿಕೊಂಡು ಕುರ್ಚಿ ಸರಿಸಿದರು.

ಆ ವಾರ ಎಲ್ಲರೂ ನೋಡಿದರು. ಫೋನಿನಲ್ಲಿದ್ದ ವಕೀಲರು ಮಾತು ನಿಲ್ಲಿಸಿ ನೋಡಿದರು: ಮೇಜಿನ ಮೇಲೆ ಹರಡಿದ ಇಪ್ಪತ್ತು ಕಾಗದದಲ್ಲಿ ಒಂದನ್ನೂ ಓದದೆ, ಒಂದೊಂದನ್ನೇ ಎತ್ತಿ, ಅಡಿ ಒರೆಸಿ, ಎತ್ತಿದ ಕ್ರಮದಲ್ಲೇ ಇಡುವ ಕೈಯನ್ನು. ನಕ್ಷೆಯವರು ತಮ್ಮ ಶಾಯಿ ಕಲೆ ಹೋಗುವುದಿಲ್ಲ ಎಂದು ಐದು ವರ್ಷದಿಂದ ಅಂದುಕೊಂಡಿದ್ದರು. ಅಕ್ಕ ಒಂದು ಶೀಷೆಯಿಂದ ಎರಡು ಹನಿ ಹಾಕಿ, ಯಾಕೆ ಹೋಗುತ್ತದೆ ಎಂದು ರಸಾಯನಶಾಸ್ತ್ರದ ಸಮೇತ ವಿವರಿಸಿ ತೆಗೆದರು. ಡ್ಯಾನ್ಸ್ ಸ್ಕೂಲಿನ ಟೀಚರ್ ಮಾತ್ರ ಮೂರು ದಿನ ನಮ್ಮ ಜೊತೆ ಮಾತಾಡಲಿಲ್ಲ. ಅವರ ಅಡುಗೆ ಕೋಣೆಯ ಎರಡು ಹಲಗೆ ಉಬ್ಬಿದ್ದವು. ಭಾವ ರಜೆಯ ದಿನ ಬಂದು ಹಲಗೆ ಬದಲಿಸಿದರು, ಅಜ್ಜನ ಸೀಲಿಂಗಿಗೆ ಹೊಸ ಪದರ ಹಾಕಿ ಬಣ್ಣ ಬಳಿದರು. ಏಣಿ ಹಿಡಿಯುವ ಕೆಲಸ ನನಗೆ ಕೊಟ್ಟರು. "ಭದ್ರವಾಗಿ ಹಿಡ್ಕೋ, ನೀರು ಬಿದ್ದಿದ್ದು ಸಾಕು, ನಾನೂ ಬೀಳೋದು ಬೇಡ" ಎಂದರು.

ಸಭೆಯ ದಿನ ಅಕ್ಕ, ನಾನು ವಕೀಲರ ಆಫೀಸಿನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆವು. ಅಕ್ಕ ತಮಗೆ ಗೊತ್ತಿಲ್ಲದೆ ಸೊಂಟದ ಹತ್ತಿರ ಕೈ ಒಯ್ಯುವುದು, ಖಾಲಿ ಕೈಯನ್ನು ಮಡಿಲಿಗೆ ತರುವುದು ಮಾಡುತ್ತಿದ್ದರು. ಆ ಒಂಬತ್ತು ದಿನದಲ್ಲಿ ಅವರು ಹೆದರಿದ್ದು ನನಗೆ ಕಂಡದ್ದು ಅಷ್ಟೇ.

ಒಳಗೆ ಕರೆದರು. ಮೇಜಿನ ಮೇಲೆ ಉಂಗುರ ಇತ್ತು. ಹಲ್ಲಿನ ಡಾಕ್ಟರೇ ಮೊದಲು ಮಾತಾಡಿದರು. ತನ್ನ ಕೀಲಿ ಕೊಡುವುದರಲ್ಲಿ ತನಗೇನೂ ಅಡ್ಡಿಯಿಲ್ಲ, ಇಷ್ಟು ವರ್ಷ ಒಂದು ಗುಡ್ ಮಾರ್ನಿಂಗ್ ಹೇಳಿರಲಿಲ್ಲ ಎನ್ನುವುದೇ ತನಗೆ ಬೇಜಾರು ಎಂದರು. ವಕೀಲರು, ನಕ್ಷೆಯವರು, ಹೂವಿನಂಗಡಿಯವರು ಹೂಂಗುಟ್ಟಿದರು. ಡ್ಯಾನ್ಸ್ ಟೀಚರ್, "ಹೊಸ ಹಲಗೆ ಹಳೇದಕ್ಕಿಂತ ಚೆನ್ನಾಗಿದೆ" ಎಂದು ಕಿಟಕಿ ಕಡೆ ನೋಡಿದರು. ಆಮೇಲೆ ಎಲ್ಲರೂ ಅಜ್ಜನ ಕಡೆ ತಿರುಗಿದರು. ನೆನೆದವರು ಅವರಲ್ಲವೇ.

"ಇವಳ ಮೇಲೆ ನಂಗೆ ಸಿಟ್ಟಿಲ್ಲ" ಎಂದರು ಅಜ್ಜ. "ಆದ್ರೆ ಆ ಹುಡುಗ ಈ ಕಟ್ಟಡದೊಳಗೆ ಕಾಲಿಡಬಾರದು. ಅವನನ್ನು ತೆಗೆದು ಹಾಕ್ತೀಯಾದ್ರೆ ಆರೂ ಕೀಲಿ ಈಗಲೇ ತಗೊಂಡು ಹೋಗು."

ನಾನು ಮನಸ್ಸಿನಲ್ಲೇ ಒಪ್ಪಿಕೊಂಡೆ. ಅಲ್ಲಿದ್ದವರಲ್ಲಿ ಅಜ್ಜನ ಮಾತು ಸರಿ ಎಂದು ಅತಿ ಹೆಚ್ಚು ಅನ್ನಿಸಿದ್ದು ನನಗೇ ಇರಬೇಕು.

ಅಕ್ಕ ಉಂಗುರ ಎತ್ತಿಕೊಂಡು, ದಾರವಿಲ್ಲದ ಕೀಲಿಯನ್ನು ಉಗುರು ಹಾಕಿ ಬಿಡಿಸಿದರು. ಹದಿಮೂರು ವರ್ಷ ಬಿಚ್ಚದೇ ಇದ್ದದ್ದು, ಹೊರಗೆ ಬರಲು ಸತಾಯಿಸಿತು. ಅದನ್ನು ಅಜ್ಜನ ಮುಂದೆ ಇಟ್ಟರು.

"ಇದು ನಿಮ್ಮ ಹತ್ರ ಇರಲಿ. ನಿಮಗೆ ನಂಬಿಕೆ ಬಾರದೆ ಇಟ್ಕೊಳ್ಳೋಕೆ ನಂಗೂ ಇಷ್ಟ ಇಲ್ಲ. ಬೇರೆ ದಿನ ನೀವು ಬಾಗಿಲು ತೆಗೆದ ಮೇಲೆ ನಾನು ಬರ್ತೀನಿ. ಶನಿವಾರ ಅವನು ಬರ್ತಾನೆ. ನಿಮ್ಮ ಕಣ್ಣೆದುರಿಗೇ ಒರೆಸ್ತಾನೆ. ಸರಿಯಾಗಿಲ್ಲ ಅಂದ್ರೆ ಅಲ್ಲೇ ಬೈದು ಮತ್ತೆ ಮಾಡಿಸಿ. ತೆಗೆದು ಹಾಕು ಅಂತ ಮಾತ್ರ ಹೇಳ್ಬೇಡಿ. ಅವತ್ತು ಧೂಳಿನ ಮಾತಾಡಿದ್ದಕ್ಕೆ ನೀವು ನನ್ನ ಹೊರಗೆ ಹಾಕಬಹುದಿತ್ತು. ಬಟ್ಟೆ ಕೊಟ್ರಿ."

ಅಜ್ಜ ಕೀಲಿ ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡು ಕೆಳಗೆ ಹೋದರು. ಬೇಡ ಅನ್ನಲಿಲ್ಲವಲ್ಲ, ಹೂಂ ಅಂದ ಹಾಗೇ ಎಂದು ಮೇನೇಜರು ಬರೆದುಕೊಂಡ.

ಹೀಗೆ ನನ್ನ ಶನಿವಾರಗಳು ಶುರುವಾದವು. ಒಂಬತ್ತಕ್ಕೆ ಬೆಲ್. ಅಜ್ಜ ಬಾಗಿಲು ತೆಗೆದು, ಮೊದಲು ನನ್ನ ಕೈ ನೋಡುವರು, ಬಕೆಟ್ ಎಷ್ಟು ತುಂಬಿದೆ ಎಂದು. ಆಮೇಲೆ ಸ್ಟೂಲು ಎಳೆದುಕೊಂಡು ಎದುರಿಗೇ ಕೂರುವರು. "ಅಲ್ಲಿ ಬಿಟ್ಟೆ." "ಎಲ್ಲಿ?" "ನಿನಗೆ ನಂಬರ್ ಹೆಚ್ಚಾಗಿದೆ, ಕಣ್ಣು ಪರೀಕ್ಷೆ ಮಾಡ್ಲಾ?" ಮೂರನೆಯ ವಾರ ನಿಜವಾಗಿಯೂ ಹೊಸ ಅಕ್ಷರಗಳ ಹಾಳೆಯ ಮುಂದೆ ಕೂರಿಸಿ ಪರೀಕ್ಷೆ ಮಾಡಿಯೇಬಿಟ್ಟರು. ನನ್ನ ಕಣ್ಣು ಸರಿಯಿತ್ತು. ಅವರಿಗೆ ನಿರಾಸೆಯಾಯಿತು. "ಹಾಗಾದ್ರೆ ತಲೆದೇ ತೊಂದರೆ" ಎಂದರು.

ಬೇರೆ ದಿನಗಳಲ್ಲಿ ಅಕ್ಕ ಕೂಡ ಒಂಬತ್ತಕ್ಕೆ ಆ ಬಾಗಿಲ ಮುಂದೆ ಬಕೆಟ್ ಹಿಡಿದು ನಿಲ್ಲುತ್ತಿದ್ದರು. ಬಾಕಿ ಐದು ಕಡೆ ಎಂಟೂವರೆಗೇ ಮುಗಿಸಿ, ಇದೊಂದಕ್ಕಾಗಿ ಕಾಯುವುದು. ಅಜ್ಜ ತಡ ಮಾಡಿದರೆ ಚಳಿಯಲ್ಲಿ ಇನ್ನೂ ಅರ್ಧ ಗಂಟೆ. ಒಂದು ದಿನವೂ ಇದು ನಿನ್ನಿಂದ ಎಂದು ನನಗೆ ಅಂದವರಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ಬಹುಶಃ ಅದಕ್ಕೇ ಅನ್ನಲಿಲ್ಲ. ಹೊಸದಾಗಿ ಸೇರಿದ ಒಬ್ಬಳಿಗೆ ಅವರು ಕೆಲಸ ಹೇಳಿಕೊಡುವಾಗ ನನ್ನನ್ನು ಕರೆದು, "ಅವತ್ತು ಏನಾಯ್ತು ಹೇಳು" ಎಂದು ನನ್ನಿಂದಲೇ ಪಾಠ ಮಾಡಿಸುತ್ತಿದ್ದರು. ನಾನು ಪ್ರತಿ ಸಲವೂ ಬಕೆಟ್ಟಿನ ಸಂಖ್ಯೆ ಎರಡು ಎಂದು ಹೇಳುತ್ತಿದ್ದೆ. ಅಕ್ಕ ಹಿಂದಿನಿಂದ "ಮೂರು" ಎನ್ನುತ್ತಿದ್ದರು.

ಚಳಿಗಾಲ ಕಳೆದು ಒಂದು ಶನಿವಾರ ನಾನು ಶೋಕೇಸಿನ ಗಾಜು ಒರೆಸುತ್ತಿದ್ದಾಗ ಅಜ್ಜ ಕೋಟು ಹಾಕಿಕೊಂಡರು. "ಅಂಚೆಗೆ ಹೋಗಿ ಬರ್ತೀನಿ" ಎಂದರು. ಬಾಗಿಲು ಎಳೆದುಕೊಂಡು ಹೋದರು. ನಾನು ಬಟ್ಟೆ ಹಿಡಿದು ನಿಂತೇ ಇದ್ದೆ. ಸುತ್ತ ಐದುನೂರು ಕನ್ನಡಕ ನನ್ನನ್ನೇ ನೋಡುತ್ತಿದ್ದವು. ಅಜ್ಜ ಮುಕ್ಕಾಲು ಗಂಟೆ ಬಿಟ್ಟು ಬಂದರು. ಸೀಲಿಂಗ್ ನೋಡಲಿಲ್ಲ, ಬಕೆಟ್ ನೋಡಲಿಲ್ಲ. ಕೋಟು ತೂಗುಹಾಕಿ ತಮ್ಮ ಸ್ಕ್ರೂ ಡಬ್ಬಿ ತೆಗೆದು ಕೂತರು.

ಮೇಲೆ ಓಡಿ ಹೋಗಿ ಅಕ್ಕನಿಗೆ ಹೇಳಿದೆ. ಅವರು ಶನಿವಾರ ರಜೆಯಿದ್ದ ಹಲ್ಲಿನ ಡಾಕ್ಟರ ಕೋಣೆಯ ನೆಲ ಒರೆಸುತ್ತಿದ್ದರು.

"ಒಬ್ಬನ್ನೇ ಬಿಟ್ಟು ಹೋದ್ರಾ?"

"ಮುಕ್ಕಾಲು ಗಂಟೆ."

ಅಕ್ಕ ಮಾಪನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ಕನ್ನಡಕ ಸರಿಮಾಡಿಕೊಂಡು ಕೆಳಗಿಳಿದರು. ನಾನು ಮೆಟ್ಟಿಲ ತಿರುವಿನಲ್ಲಿ ನಿಂತು ಕೇಳಿಸಿಕೊಂಡೆ.

"ಹುಡುಗನನ್ನ ಬಿಟ್ಟು ಅಂಚೆಗೆ ಹೋಗಿದ್ರಂತೆ?"

"ಹೋಗಿದ್ದೆ. ಏನೀಗ?"

"ಅಂಗಡಿ ಒಣಗೇ ಇದೆಯಾ?"

"ಇದೆ."

"ಹಾಗಾದ್ರೆ ಕೀಲಿ ಕೊಡಿ. ಒಂಬತ್ತರ ತನಕ ಹೊರಗೆ ನಿಂತು ನಿಂತು ನನ್ನ ಮೊಣಕಾಲು ಹಿಡ್ಕೊಂಡಿದೆ."

ಡ್ರಾಯರ್ ಎಳೆದ ಸದ್ದಾಯಿತು. ಮೇಜಿನ ಮೇಲೆ ಲೋಹ ಇಟ್ಟ ಸದ್ದಾಯಿತು. ಉಂಗುರ ಬಿಡಿಸಲು ಅಕ್ಕನ ಉಗುರು ಮತ್ತೆ ಸೋತಿರಬೇಕು, "ಕೊಡಿಲ್ಲಿ, ನನ್ನ ಹತ್ರ ಇಕ್ಕಳ ಇದೆ" ಎಂದು ಅಜ್ಜ ಗೊಣಗಿದ್ದು ಕೇಳಿಸಿತು. ಆಮೇಲೆ ಅವರೇ ಹೇಳಿದರು, "ಶನಿವಾರ ಮಾತ್ರ ಅವನೇ ಬರಲಿ. ಒಂಬತ್ತಕ್ಕೇ ಬರಲಿ. ಬೈಯೋಕೆ ಒಬ್ಬ ಬೇಕಲ್ಲ."

"ಪರೀಕ್ಷೆ ಇದೆ ಅವನಿಗೆ. ಎರಡು ವಾರ ಬರಲ್ಲ" ಎಂದರು ಅಕ್ಕ. "ಅಲ್ಲಿಯತನಕ ನನಗೇ ಬೈತಾ ಇರಿ."